ನಮಸ್ಕಾರ ಬೇರೆ, ಹೇಗಿದ್ದೀರಿ ಬೇರೆ

ಜರ್ಮನಿಗೆ ಕೆಲಸಕ್ಕೆ ಹೊರಟವರು ಯಾರ್‍ಯಾರದೋ ಮೂಲಕ ನನ್ನ ನಂಬರ್ ಹುಡುಕಿ ಮೆಸೇಜ್ ಮಾಡ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಚಳಿಗೆ ಎಂಥ ಜಾಕೆಟ್ ಬೇಕು, ಕುಕ್ಕರ್ ತರಬಹುದಾ, ಬಾಡಿಗೆ ಮನೆ ಸಿಗುತ್ತಾ. ಎಲ್ಲ ಮುಗಿದ ಮೇಲೆ ಕೊನೆಯದು: "ಜರ್ಮನ್ ಎಷ್ಟು ಬಂದಿರಬೇಕು ಅಕ್ಕ? ಆಫೀಸಲ್ಲಿ ಇಂಗ್ಲಿಷೇ ಸಾಕಂತಲ್ಲ?"

ಆಫೀಸಿಗೆ ಸಾಕು. ಮನೆ ಮೆಟ್ಟಿಲಿಗೆ ಸಾಲದು ಅಂತ ನಾನು ಉತ್ತರ ಬರೀತೀನಿ. ಅವರು ಒಂದು ನಗುವ ಎಮೋಜಿ ಹಾಕಿ ಸುಮ್ಮನಾಗ್ತಾರೆ. ಆ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದವಳು. ಸ್ಟುಟ್‌ಗಾರ್ಟ್‌ಗೆ ಬಂದು ಐದು ವರ್ಷ ಆಯ್ತು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ತಂಡದಲ್ಲಿ ಏಳು ದೇಶದವರು ಇರೋದರಿಂದ ಮೀಟಿಂಗ್ ಎಲ್ಲ ಇಂಗ್ಲಿಷಿನಲ್ಲೇ. ಮನೆ ಮಾತ್ರ ಹಳೇ ಕಾಲದ ಕಟ್ಟಡದಲ್ಲಿ. ನಾಲ್ಕು ಮಹಡಿ, ಎಂಟು ಮನೆ, ಲಿಫ್ಟ್ ಇಲ್ಲ. ಲಿಫ್ಟ್ ಇಲ್ಲದ ಕಟ್ಟಡದ ಒಂದು ಗುಣ ಏನಂದ್ರೆ, ಎಲ್ಲರೂ ಎಲ್ಲರಿಗೂ ಮೆಟ್ಟಿಲಲ್ಲಿ ಸಿಕ್ಕೇ ಸಿಗ್ತಾರೆ.

ಬೆಂಗಳೂರಲ್ಲಿ ಹೊರಡುವ ಮುಂಚೆ ಎ1 ಕ್ಲಾಸ್ ಮಾಡಿದ್ದೆ. ಆ ಪರೀಕ್ಷೆ ಬರೆದವರಿಗೆ ಗೊತ್ತಿರುತ್ತೆ, ಮಾತಾಡುವ ಭಾಗದಲ್ಲಿ ಮೊದಲು ನಮ್ಮ ಪರಿಚಯ ನಾವೇ ಹೇಳಬೇಕು. ಅದಕ್ಕೆ ಏಳು ಸುಳಿವು ಕೊಟ್ಟಿರುತ್ತಾರೆ: ಹೆಸರು, ವಯಸ್ಸು, ದೇಶ, ವಾಸದ ಊರು, ಭಾಷೆಗಳು, ಉದ್ಯೋಗ, ಹವ್ಯಾಸ. ನಾನಂತೂ ಸ್ನಾನದ ಮನೆಯಲ್ಲೂ "ಇಷ್ ಹೈಸೆ, ಇಷ್ ಕೊಮ್ಮೆ ಆವುಸ್ ಇಂಡಿಯನ್" ಅಂತ ಬಾಯಿಪಾಠ ಮಾಡಿದ್ದೆ. ನನ್ನ ಹೆಸರು ಇಂಥದ್ದು, ನಾನು ಭಾರತದಿಂದ ಬಂದವಳು ಅಂತ. ಇಲ್ಲಿಗೆ ಬಂದು ಮೊದಲ ನಾಲ್ಕು ತಿಂಗಳು ಮೆಟ್ಟಿಲಲ್ಲಿ ಆ ಏಳರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು, "ಗ್ರ್ಯೂಸ್ ಗಾಟ್". ನಾನೂ "ಗ್ರ್ಯೂಸ್ ಗಾಟ್" ಅಂತಿದ್ದೆ. ಅವರು ಇಳಿದು ಹೋಗ್ತಿದ್ದರು, ನಾನು ಹತ್ತಿ ಬರ್ತಿದ್ದೆ.

ಪಠ್ಯಪುಸ್ತಕದಲ್ಲಿ ಇರೋದು "ಗೂಟನ್ ಟಾಗ್". ಅದು ತಪ್ಪಲ್ಲ, ಎಲ್ಲ ಕಡೆ ನಡೆಯುತ್ತೆ. ಬೆಳಗ್ಗೆ ಹತ್ತು ಹನ್ನೊಂದರವರೆಗೆ "ಗೂಟನ್ ಮೊರ್ಗನ್", ಆಮೇಲೆ "ಗೂಟನ್ ಟಾಗ್", ಸಂಜೆ "ಗೂಟನ್ ಆಬೆಂಡ್". "ಗೂಟೆ ನಾಖ್ಟ್" ಮಾತ್ರ ಮಲಗಲು ಹೋಗುವಾಗಿನ ಮಾತು, ರಾತ್ರಿ ಪಾರ್ಟಿಗೆ ಹೋಗಿ ಬಾಗಿಲಲ್ಲಿ ಹೇಳುವುದಲ್ಲ. ಆದರೆ ಊರೂರಿಗೆ ರುಚಿ ಬೇರೆ. ಬವೇರಿಯಾ, ನಮ್ಮ ಸ್ಟುಟ್‌ಗಾರ್ಟ್ ಇರುವ ಬಾಡನ್-ವ್ಯುರ್ಟೆಂಬರ್ಗ್, ಪಕ್ಕದ ಆಸ್ಟ್ರಿಯಾ, ಇಲ್ಲೆಲ್ಲ "ಗ್ರ್ಯೂಸ್ ಗಾಟ್". ದೇವರು ನಿನ್ನನ್ನು ಹರಸಲಿ ಅನ್ನುವಂಥ ಅರ್ಥ, ಆದರೆ ದೇವರನ್ನು ನಂಬದವರೂ ಹೇಳ್ತಾರೆ. ನಾವು "ಅಯ್ಯೋ ರಾಮ" ಅಂದಾಗ ರಾಮನನ್ನು ನೆನೆಸಿಕೊಂಡಿರ್ತೀವಾ? ಹಾಗೆ. ಗೆಳೆಯರ ನಡುವೆ ಬವೇರಿಯಾದಲ್ಲಿ "ಸೆರ್ವುಸ್", ಬಂದಾಗಲೂ ಅದೇ, ಹೊರಟಾಗಲೂ ಅದೇ. ಸ್ವಿಟ್ಜರ್ಲೆಂಡ್‌ನಲ್ಲಿ "ಗ್ರ್ಯುಯೆಟ್ಸಿ". ಉತ್ತರದಲ್ಲಿ, ಹ್ಯಾಂಬರ್ಗ್ ಕಡೆ, "ಮೊಯಿನ್". ಕೇಳಿದರೆ ಬೆಳಗಿನ ಮಾತಿನ ಥರ ಇದೆ, ಆದರೆ ಸಂಜೆ ಏಳು ಗಂಟೆಗೂ ಮೊಯಿನ್ ಅನ್ನಬಹುದು.

ಹೊರಡುವಾಗ ಎಲ್ಲ ಕಡೆ "ಚ್ಯೂಸ್". ಸ್ವಲ್ಪ ಗಂಭೀರವಾಗಿ "ಔಫ್ ವೀಡರ್‌ಜೇಯನ್", ಮತ್ತೆ ನೋಡೋಣ ಅಂತ. ಫೋನಿನಲ್ಲಿ ನೋಡೋಕಾಗಲ್ಲವಲ್ಲ, ಅದಕ್ಕೆ "ಔಫ್ ವೀಡರ್‌ಹ್ಯೋರನ್", ಮತ್ತೆ ಕೇಳೋಣ! ನಮ್ಮ ಕಡೆಯ ಹಿರಿಯರು "ಅಡೇ" ಅಂತಾರೆ. ಅಂಗಡಿಯವರು ಚಿಲ್ಲರೆ ಕೊಡುತ್ತಾ "ಶ್ಯೋನನ್ ಟಾಗ್ ನೊಖ್" ಅಂದರೆ, ಇವತ್ತಿನ ಉಳಿದ ದಿನ ಚೆನ್ನಾಗಿರಲಿ ಅಂತ. ಅದಕ್ಕೆ ತಲೆ ಅಲ್ಲಾಡಿಸಿ ಬರೋ ಹಾಗಿಲ್ಲ. "ಡಾಂಕೆ, ಗ್ಲೈಷ್‌ಫಾಲ್ಸ್" ಅನ್ನಬೇಕು, ಥ್ಯಾಂಕ್ಸ್, ನಿಮಗೂ ಅಂತ. ಇಷ್ಟು ಬಂದರೆ ಒಂದು ವಾರ ಬದುಕಬಹುದು.

ನನಗೆ ಹೊಸದಾಗಿ ಕಂಡಿದ್ದು ಯಾರಿಗೆ ಹೇಳ್ತಾರೆ ಅನ್ನೋದು. ನಮ್ಮಲ್ಲಿ ನಮಸ್ಕಾರ ಗುರುತಿನವರಿಗೆ. ಇಲ್ಲಿ ಜಾಗ ಹಂಚಿಕೊಂಡವರಿಗೆ. ಡಾಕ್ಟರ್ ಹತ್ತಿರ ಹೋದರೆ, ಕಾಯುವ ಕೋಣೆಗೆ ಕಾಲಿಡುತ್ತಲೇ ಅಲ್ಲಿ ಕೂತಿರುವ ಆರು ಜನ ಅಪರಿಚಿತರಿಗೂ ಒಟ್ಟಾಗಿ "ಗೂಟನ್ ಮೊರ್ಗನ್" ಹೇಳಬೇಕು. ಆರೂ ಜನ ಗೊಣಗಿದ ಹಾಗೆ ವಾಪಸ್ ಹೇಳ್ತಾರೆ, ಮತ್ತೆ ಪತ್ರಿಕೆಯೊಳಗೆ ಮುಳುಗುತ್ತಾರೆ. ಬೇಕರಿಯಲ್ಲಿ ಬ್ರೆತ್ಸೆಲ್ ಕೇಳುವ ಮುಂಚೆ ಗ್ರ್ಯೂಸ್ ಗಾಟ್. ಭಾನುವಾರ ಕಾಡಿನ ದಾರಿಯಲ್ಲಿ ಎದುರಿಗೆ ಬಂದವರಿಗೆ ಗ್ರ್ಯೂಸ್ ಗಾಟ್. ಅದೇ ಮನುಷ್ಯ ಸೋಮವಾರ ಟ್ರೇನಿನಲ್ಲಿ ಪಕ್ಕದಲ್ಲೇ ಕೂತರೆ ಮಾತಿಲ್ಲ. ಕಾಡಿನಲ್ಲಿ ಇಬ್ಬರೇ ಇದ್ದೀವಿ, ಟ್ರೇನಿನಲ್ಲಿ ಇನ್ನೂರು ಜನ ಇದ್ದೀವಿ, ಅಷ್ಟೇ ಲೆಕ್ಕ. ಮಧ್ಯಾಹ್ನ ಆಫೀಸಿನ ಕಾರಿಡಾರಿನಲ್ಲಿ "ಮಾಲ್‌ತ್ಸೈಟ್" ಅಂತಾರೆ. ಪದದ ಅರ್ಥ ಊಟದ ಹೊತ್ತು. ಅದನ್ನು ಮೊದಲ ಸಲ ಕೇಳಿದಾಗ ನನಗೆ ಖುಷಿಯಾಯ್ತು. ಅಬ್ಬಾ, ಇವರಿಗೂ "ಊಟ ಆಯ್ತಾ?" ಇದೆಯಲ್ಲ ಅಂತ.

ಈಗ ಮುಖ್ಯವಾದದ್ದಕ್ಕೆ ಬರ್ತೀನಿ.

ನಮ್ಮ "ಊಟ ಆಯ್ತಾ?" ಅನ್ನೋದು ಪ್ರಶ್ನೆಯೂ ಹೌದು, ನಮಸ್ಕಾರವೂ ಹೌದು. "ಹೇಗಿದ್ದೀರಿ?" ಕೂಡ ಹಾಗೇ. ಬಸ್ ಸ್ಟ್ಯಾಂಡಲ್ಲಿ ಓಡ್ತಾ ಓಡ್ತಾ "ಹೇಗಿದೀರಾ?" ಅಂತ ಕೂಗ್ತೀವಿ, ಅವರು "ಚೆನ್ನಾಗಿದೀನಿ, ನೀವು?" ಅಂತ ಕೂಗ್ತಾರೆ, ಬಸ್ ಹೊರಡುತ್ತೆ. ಅದರಲ್ಲಿ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಬೇಕಾದಷ್ಟಿದೆ, ಉತ್ತರಕ್ಕೆ ಜಾಗ ಇಲ್ಲ.

ಜರ್ಮನ್ನಿನಲ್ಲಿ "ವೀ ಗೇಟ್ ಎಸ್ ಈನನ್?" ಅನ್ನುವ ಪ್ರಶ್ನೆ ಇದೆ. ನಿಮಗೆ ಹೇಗೆ ನಡೀತಿದೆ ಅಂತ. ಇಂಗ್ಲಿಷಿನ ಹೌ ಆರ್ ಯು ಥರ ಇದನ್ನು ಕ್ಯಾಷಿಯರ್ ಕೇಳಲ್ಲ, ಬಸ್ಸಿನಲ್ಲಿ ಪಕ್ಕದವರು ಕೇಳಲ್ಲ. ಸಹೋದ್ಯೋಗಿಗಳ ನಡುವೆ "ವೀ ಗೇಟ್ಸ್?" ಅಂತ ಚಿಕ್ಕದಾಗಿ ಓಡಾಡುತ್ತೆ, ಅದಕ್ಕೆ "ಪಾಸ್ಟ್ ಶೋನ್" ಅಂತಲೋ "ಗೇಟ್ ಜೋ" ಅಂತಲೋ, ಅಂದರೆ ಪರವಾಗಿಲ್ಲ, ಹಿಂಗೇ ಇದೆ ಅಂತ, ಹೇಳಿ ಮುಗಿಸೋದೂ ಉಂಟು. ಆದರೆ ಹಿರಿಯರೊಬ್ಬರು ನಿಂತು, ಮುಖ ನೋಡಿ ಕೇಳಿದರು ಅಂದ್ರೆ ಉತ್ತರ ಬೇಕು ಅಂತಲೇ ಅರ್ಥ. ನೀವು ನಿಜವಾಗಿ ಬೆನ್ನುನೋವಿನ ಕಥೆ ಶುರು ಮಾಡಿದರೆ ಅವರು ಗಡಿಯಾರ ನೋಡಲ್ಲ. ಸಮಯ ಇಲ್ಲದಿದ್ದರೆ ಮೊದಲೇ ಕೇಳ್ತಿರಲಿಲ್ಲ. ನಮಸ್ಕಾರ ಎಲ್ಲರಿಗೂ; ಪ್ರಶ್ನೆ ಮಾತ್ರ, ಯಾರ ಉತ್ತರ ಕೇಳೋಕೆ ಪುರುಸೊತ್ತು ಇದೆಯೋ ಅವರಿಗೆ.

ಇನ್ನೊಂದು ಸಣ್ಣ ಸಂತೋಷ ಕನ್ನಡದವರಿಗೇ ಮೀಸಲು. ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುವವರು ಈ "ಈನನ್" ಹತ್ತಿರ ಎಡವುತ್ತಾರೆ. "ನೀವು ಹೇಗಿದ್ದೀರಿ" ಅನ್ನದೆ "ನಿಮಗೆ ಹೇಗಿದೆ" ಅಂತ ಯಾಕೆ ಅಂತ. ನಮಗೆ ಅದರಲ್ಲಿ ಕಷ್ಟವೇನು? "ನನಗೆ ಚಳಿ" ಅಂತ ಹುಟ್ಟಿದಾಗಿನಿಂದ ಹೇಳ್ತಾ ಬಂದಿದ್ದೀವಿ. ಜರ್ಮನ್ನರೂ ಹಾಗೇ ಹೇಳ್ತಾರೆ, "ಮೀರ್ ಇಸ್ಟ್ ಕಾಲ್ಟ್". ಅಲ್ಲಿ "ಮೀರ್" ಅಂದರೆ ನನಗೆ. ಯಾರಾದರೂ ತೀರಿಕೊಂಡಾಗ, ಏನಾದರೂ ಕೆಟ್ಟದ್ದಾದಾಗ ಹೇಳುವ "ಎಸ್ ಟೂಟ್ ಮೀರ್ ಲೈಡ್" ಅನ್ನುವುದರಲ್ಲೂ ಅದೇ ನನಗೆ ಇದೆ. ಅದು ನನಗೆ ನೋವು ಮಾಡುತ್ತೆ ಅಂತ. ಚಳಿ, ನೋವು, ಇಷ್ಟ, ಎಲ್ಲ ನನಗೆ ಬಂದು ಆಗುವಂಥವು. ಆ ಒಂದು ವಿಭಕ್ತಿಯಲ್ಲಿ ಕನ್ನಡವೂ ಜರ್ಮನ್ನೂ ಅಕ್ಕಪಕ್ಕದ ಮನೆಯವು.

ನೀವು-ನೀನು ವಿಷಯದಲ್ಲೂ ಅಷ್ಟೇ. ಅಪರಿಚಿತರಿಗೆ, ಹಿರಿಯರಿಗೆ "ಜೀ". ಮನೆಯವರಿಗೆ, ಗೆಳೆಯರಿಗೆ, ಮಕ್ಕಳಿಗೆ "ಡೂ". ಮರ್ಯಾದೆಯ ಮಾತಿಗೆ ಜೀ ಅಂತಲೇ ಹೆಸರಿದ್ದರೆ ಭಾರತದವರು ಮರೆಯೋಕೆ ಸಾಧ್ಯವಾ! ಅದರ ಕ್ರಿಯಾಪದವೂ ಬಹುವಚನದ್ದು, "ಅವರು" ಅನ್ನುವುದರ ರೂಪವೇ. ನಾವು ಒಬ್ಬ ಮೇಷ್ಟ್ರು ಬಂದರೂ "ಬಂದರು" ಅನ್ನುವ ಹಾಗೆ.

ವ್ಯತ್ಯಾಸ ಇರೋದು ಎರಡು ಕಡೆ. ಒಂದು, ಅಲ್ಲಿ ಮರ್ಯಾದೆ ಸಾಮಾನ್ಯವಾಗಿ ಎರಡು ದಿಕ್ಕಿಗೂ ಹೋಗುತ್ತೆ. ನಾನು ಎಪ್ಪತ್ತರ ಅಜ್ಜಿಗೆ ಜೀ ಅಂದರೆ ಅವರೂ ಮೂವತ್ತರ ನನಗೆ ಜೀ ಅಂತಾರೆ. "ನೀವು" ಅಂದವರಿಗೆ "ನೀನು" ಅನ್ನುವ ನಮ್ಮ ಪದ್ಧತಿ ದೊಡ್ಡವರ ನಡುವೆ ನಡೆಯಲ್ಲ. ಹೆಂಗಸರಿಗೆ ಮದುವೆ ಆಗಿದೆಯೋ ಇಲ್ಲವೋ ಎಲ್ಲರಿಗೂ "ಫ್ರೌ". ಹಿಂದೆ ಮದುವೆಯಾಗದವರನ್ನು "ಫ್ರಾಯ್‌ಲೈನ್" ಅಂತಿದ್ದರು. ಪಶ್ಚಿಮ ಜರ್ಮನಿಯ ಸರ್ಕಾರಿ ಕಾಗದಪತ್ರದಿಂದ 1972ರಲ್ಲಿ ಅದನ್ನು ತೆಗೆದರು.

ಎರಡನೆಯದು, ಅಲ್ಲಿ ನಂಟಸ್ತಿಕೆಯ ಪದಗಳಿಲ್ಲ. ನಾವು ಆಟೋದವರನ್ನು ಅಣ್ಣ ಅಂತೀವಿ, ಹೂ ಮಾರುವವರನ್ನು ಅಮ್ಮ ಅಂತೀವಿ, ಪಕ್ಕದ ಮನೆಯವರನ್ನು ಆಂಟಿ ಅಂತೀವಿ. ಒಂದೇ ಪದದಲ್ಲಿ ಅಪರಿಚಿತರನ್ನು ಮನೆಯೊಳಗೆ ಕರೆದುಕೊಂಡುಬಿಡ್ತೀವಿ. ಜರ್ಮನ್ನಿನಲ್ಲಿ ಪಕ್ಕದ ಮನೆಯವರು ವರ್ಷಗಟ್ಟಲೆ ಫ್ರೌ, ಅದರ ಜೊತೆ ಅವರ ಮನೆತನದ ಹೆಸರು, ಅಷ್ಟೇ. ಒಳಗೆ ಬರೋಕೆ ಇರುವ ಬಾಗಿಲು ಒಂದೇ, ಜೀ ಇಂದ ಡೂಗೆ ಹೋಗುವುದು. ಆ ಬಾಗಿಲನ್ನು ಹಿರಿಯರೇ ತೆಗೆಯಬೇಕು. "ನಾವು ಡೂ ಅಂದುಕೊಳ್ಳೋಣವಾ?" ಅಂತ ಬಾಯಿಬಿಟ್ಟು ಕೇಳ್ತಾರೆ. ಕೇಳಿದ ಮೇಲೆ ಹಿಂದಕ್ಕೆ ಹೋಗೋದು ಬಹಳ ಕಡಿಮೆ. ಅದಕ್ಕೇ ನಿಧಾನ.

ಇಷ್ಟೆಲ್ಲ ನನಗೆ ಲೆಕ್ಕದಲ್ಲಿ ಗೊತ್ತಿತ್ತು. ಅದರ ತೂಕ ಗೊತ್ತಾಗಿದ್ದು ಅಮ್ಮ ಬಂದಾಗ.

ಅಪ್ಪನ ವರ್ಷದ ಕಾರ್ಯ ಮುಗಿಸಿಕೊಂಡು ಅಮ್ಮ ಏಪ್ರಿಲ್‌ನಲ್ಲಿ ಬಂದಳು. ಮೂರು ತಿಂಗಳ ವೀಸಾ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದು ರಿಟೈರ್ ಆದವಳು, ಮಾತಿಗೆ ಬರ ಇಲ್ಲದವಳು. ಅಪ್ಪ ಹೋದ ಮೇಲೆ ಊರಲ್ಲಿ ಮನೆಗೆ ಬಂದವರೆಲ್ಲ, ಫೋನ್ ಮಾಡಿದವರೆಲ್ಲ, ದೇವಸ್ಥಾನದಲ್ಲಿ ಸಿಕ್ಕವರೆಲ್ಲ "ಹೇಗಿದೀರಾ ಟೀಚರ್?" ಅಂತ ಕೇಳಿದ್ದರು. ಅಮ್ಮ ಎಲ್ಲರಿಗೂ ಕೊಟ್ಟ ಉತ್ತರ ಒಂದೇ: "ಇದೀನಪ್ಪ, ಚೆನ್ನಾಗಿದೀನಿ."

ಇಲ್ಲಿ ನಾನು ಬೆಳಗ್ಗೆ ಎಂಟಕ್ಕೆ ಹೊರಟರೆ ಬರೋದು ಸಂಜೆ ಆರಕ್ಕೆ. ಎರಡನೇ ವಾರ ಊಟ ಬಡಿಸುತ್ತಾ ಅಮ್ಮ ಹೇಳಿದಳು, "ಪುಟ್ಟಿ, ಟಿಕೆಟ್ ಸ್ವಲ್ಪ ಮುಂಚೆ ಮಾಡಿಸಕ್ಕಾಗುತ್ತಾ ನೋಡು."

"ಯಾಕಮ್ಮ, ಚಳೀನಾ?"

"ಚಳಿ ಏನಲ್ಲ ಕಣೆ. ಇಲ್ಲಿ ಸದ್ದೇ ಇಲ್ಲ. ಊರಲ್ಲಿ ಮಾತಾಡಿ ಮಾತಾಡಿ ಸಾಕಾಗಿತ್ತು. ಇಲ್ಲಿ ನನ್ನ ಧ್ವನಿ ನನಗೇ ಮರೆತು ಹೋಗ್ತಿದೆ."

ಅವತ್ತು ರಾತ್ರಿ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ. ಗ್ರ್ಯೂಸ್ ಗಾಟ್. ಡಾಂಕೆ. ಬಿಟ್ಟೆ. ಚ್ಯೂಸ್. "ವೀ ಗೇಟ್ ಎಸ್ ಈನನ್" ಅಂದರೆ "ಡಾಂಕೆ, ಗೂಟ್. ಉಂಡ್ ಈನನ್?" ಅಮ್ಮ ಅದನ್ನು ಫ್ರಿಜ್ ಮೇಲೆ ಅಂಟಿಸಿಕೊಂಡಳು. ಟೀಚರ್ ಅಲ್ವಾ, ಉಚ್ಚಾರಣೆ ತಿದ್ದಿಸಿಕೊಂಡಳು ಕೂಡ.

ಸ್ಟುಟ್‌ಗಾರ್ಟ್ ಕಡೆ "ಕೇರ್‌ವೊಖೆ" ಅಂತ ಒಂದು ಪದ್ಧತಿ ಇದೆ. ಗುಡಿಸುವ ವಾರ. ಕಟ್ಟಡದ ಮನೆಗಳು ಸರದಿಯ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಬೋರ್ಡ್ ನೇತು ಬೀಳುತ್ತೆ. ಆ ವಾರ ಬೋರ್ಡ್ ನಮ್ಮ ಬಾಗಿಲಿಗೆ ಬಂತು. ಏನಿದು ಅಂತ ಅಮ್ಮ ಕೇಳಿದಳು, ಹೇಳಿದೆ. ಅವಳ ಮುಖದಲ್ಲಿ ಬಂದ ಕಳೆ ನೋಡಬೇಕಿತ್ತು. ಬಾಗಿಲು ಗುಡಿಸಿ ನೀರು ಹಾಕದೆ ಎರಡು ವಾರ ಕಳೆದಿದ್ದಳಲ್ಲ!

ಶನಿವಾರ ಬೆಳಗ್ಗೆ ಅಮ್ಮ ಸೆರಗು ಸಿಕ್ಕಿಸಿಕೊಂಡು ನಾಲ್ಕನೇ ಮಹಡಿಯಿಂದ ಗುಡಿಸುತ್ತಾ ಇಳಿದಳು. ನಾನು ಹಿಂದೆ ಬಕೆಟ್ ಹಿಡಿದುಕೊಂಡು. ಮೊದಲನೇ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿ ಸಂತೆಯಿಂದ ಬ್ಯಾಗ್ ತುಂಬಿಕೊಂಡು ಹತ್ತಿ ಬರ್ತಿದ್ದರು. ಎಪ್ಪತ್ತೆಂಟು ವರ್ಷ. ನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಗ್ರ್ಯೂಸ್ ಗಾಟ್ ಇತ್ತು, ಹವಾಮಾನದ ಮಾತಿತ್ತು, ಹಬ್ಬಕ್ಕೆ ಶುಭಾಶಯ ಇತ್ತು. ಅಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಕೈಮುಗಿದು, "ಗ್ರ್ಯೂಸ್ ಗಾಟ್" ಅಂದಳು. ಅಜ್ಜಿಯೂ ಹೇಳಿ, ಮೆಟ್ಟಿಲನ್ನು ಮೇಲಿನಿಂದ ಕೆಳಗೆ ನೋಡಿ, ಬಹಳ ಚೆನ್ನಾಗಿ ಗುಡಿಸಿದ್ದಾರೆ ಅಂದರು. ಆ ಕಡೆಯವರ ಬಾಯಲ್ಲಿ ಅದು ಸಣ್ಣ ಪ್ರಶಸ್ತಿ ಅಲ್ಲ. ಆಮೇಲೆ ಅಮ್ಮನ ಮುಖ ನೋಡಿ ಕೇಳಿದರು, "ಉಂಡ್ ವೀ ಗೇಟ್ ಎಸ್ ಈನನ್?"

ಉತ್ತರ ಹಾಳೆಯಲ್ಲಿತ್ತು. ಅಮ್ಮ "ಡಾಂಕೆ" ಅಂದಳು. ಮುಂದಿನ ಪದ ಬರಲಿಲ್ಲ. ಮರೆತಳೇನೋ ಅಂತ ನಾನು ಮೆಲ್ಲಗೆ "ಗೂಟ್" ಅಂದೆ. ಅಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು.

"ಚೆನ್ನಾಗಿಲ್ಲ ಅನ್ನೋಕೆ ಏನಂತಾರೆ?"

"ನಿಷ್ಟ್ ಜೋ ಗೂಟ್," ಅಂದೆ.

"ನಿಷ್ಟ್ ಜೋ ಗೂಟ್," ಅಂದಳು ಅಮ್ಮ ಅವರಿಗೆ.

ಅಜ್ಜಿ ಬ್ಯಾಗ್ ಕೆಳಗಿಟ್ಟರು. ಯಾಕೆ ಅಂತ ಕೇಳಲಿಲ್ಲ, ಸುಮ್ಮನೆ ನಿಂತರು. ಅಮ್ಮ ಹೇಳಿದ್ದನ್ನು ನಾನು ಜರ್ಮನ್ನಿಗೆ ತಿರುಗಿಸಿದೆ. "ಮೈನ್ ಮಾನ್ ಇಸ್ಟ್ ಗೆಶ್ಟೋರ್ಬನ್." ನನ್ನ ಗಂಡ ತೀರಿಕೊಂಡರು. ಹೋದ ವರ್ಷ. ಅಪ್ಪನ ಸಾವನ್ನು "ನನ್ನ ಗಂಡ" ಅಂತ ನನ್ನ ಬಾಯಿಂದ ಹೇಳುವಾಗ ಏನೋ ಆಯ್ತು, ಅದನ್ನು ಇಲ್ಲಿ ಬರೆಯೋಕೆ ಬರಲ್ಲ. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು "ಮೈನರ್ ಔಖ್" ಅಂದರು. ನನ್ನವರೂ ಹೋದರು. ಹನ್ನೊಂದು ವರ್ಷ ಆಯ್ತಂತೆ. ಅದನ್ನು ಅಮ್ಮನಿಗೆ ನಾನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ. ಅವರು ಬೆರಳಲ್ಲಿ ತಮ್ಮ ಉಂಗುರ ಮುಟ್ಟಿ ತೋರಿಸಿದ್ದರು.

ಸೋಮವಾರದಿಂದ ಅಮ್ಮ ಮತ್ತು ಅಜ್ಜಿ ಬೆಳಗ್ಗೆ ಹತ್ತೂವರೆಗೆ ಕಾಫಿ ಕುಡಿಯೋಕೆ ಶುರು ಮಾಡಿದರು. ನಾನು ಇರುತ್ತಿರಲಿಲ್ಲ. ಏನು ಮಾತಾಡ್ತಿದ್ರಿ ಅಂದರೆ ಅಮ್ಮ "ಎಲ್ಲಾ" ಅಂತಿದ್ದಳು. ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿಕೊಟ್ಟಿದ್ದೆ, ಅದನ್ನು ಬಳಸಿದ್ದು ಕಡಿಮೆ. ಫೋಟೋ ಆಲ್ಬಮ್ ಜಾಸ್ತಿ. ಅಜ್ಜಿ ಒಂದು ದಿನ ರಬಾರ್ಬರ್ ಅನ್ನುವ ಹುಳಿ ದಂಟಿನ ಕಟ್ಟು ತಂದುಕೊಟ್ಟರು. ಇಲ್ಲಿ ವಸಂತದಲ್ಲಿ ಅದರದ್ದೇ ಕೇಕ್ ಮಾಡ್ತಾರೆ. ಅಮ್ಮ ಅದಕ್ಕೆ ಬೆಲ್ಲ, ಸಾಸಿವೆ, ಒಣಮೆಣಸು ಹಾಕಿ ಗೊಜ್ಜು ಮಾಡಿ ಬಟ್ಟಲಲ್ಲಿ ಕಳಿಸಿದಳು. ಬಟ್ಟಲು ಖಾಲಿ ವಾಪಸ್ ಬರಲಿಲ್ಲ. ಖಾಲಿ ಪಾತ್ರೆ ಕೊಡಬಾರದು ಅಂತ ಅವರಲ್ಲೂ ಇದೆಯೋ, ಅಮ್ಮ ಹೇಳಿಕೊಟ್ಟಳೋ ಗೊತ್ತಿಲ್ಲ.

ನಗುವಂಥದ್ದೂ ಆಯ್ತು. ಅಮ್ಮನಿಗೆ ಜರ್ಮನಿ ಅಂದರೆ ಮೊದಲು ನೆನಪಾಗುವುದು ಕಿಟ್ಟೆಲ್. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಫರ್ಡಿನಾಂಡ್ ಕಿಟ್ಟೆಲ್. ಅವರು ಹುಟ್ಟಿದ್ದು 1832ರಲ್ಲಿ, ಉತ್ತರದ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ, ಅಂದರೆ ಮೊಯಿನ್ ಅನ್ನುವವರ ನಾಡಿನಲ್ಲಿ. ತೀರಿಕೊಂಡಿದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ಅದು ನಮ್ಮ ಮನೆಯಿಂದ ರೈಲಿಗೆ ಹೆಚ್ಚು ದೂರವಿಲ್ಲ. 1843ರಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೂಡ ಈ ವ್ಯುರ್ಟೆಂಬರ್ಗ್ ಕಡೆಯವರೇ. ಭಾನುವಾರ ಟ್ಯೂಬಿಂಗನ್‌ಗೆ ಹೋಗಿ ನೆಕ್ಕರ್ ನದಿ ದಡದಲ್ಲಿ ಕೂತು ಬಂದಿದ್ದೆವು. ಅದನ್ನು ಅಜ್ಜಿಗೆ ಹೇಳಬೇಕು ಅಂತ ಅಮ್ಮ ಹೋಗಿ ಸಂಭ್ರಮದಿಂದ "ಟ್ಯೂಬಿಂಗನ್! ಕಿಟ್ಟೆಲ್! ಕಿಟ್ಟೆಲ್!" ಅಂದಿದ್ದಾಳೆ. ಅಜ್ಜಿ ಗಲಿಬಿಲಿಯಾಗಿ ತಾವು ಹಾಕಿಕೊಂಡಿದ್ದ ಹೂವಿನ ಚಿತ್ರದ ಕೆಲಸದ ಗೌನು ಹಿಡಿದು ತೋರಿಸಿ, ಇದಾ ಅಂದಿದ್ದಾರೆ. ಜರ್ಮನ್ನಿನಲ್ಲಿ ಕಿಟ್ಟೆಲ್ ಅಂದರೆ ಬಟ್ಟೆ ಕೊಳೆಯಾಗದಿರಲಿ ಅಂತ ಮೇಲೆ ಹಾಕಿಕೊಳ್ಳುವ ನಿಲುವಂಗಿ! ಟ್ಯೂಬಿಂಗನ್‌ನಿಂದ ಗೌನು ತರಿಸಬೇಕಾ ಅಂತ ಪಾಪ ಅವರಿಗೆ ಅನ್ನಿಸಿರಬೇಕು. ಸಂಜೆ ನಾನು ಬಂದು ಬಿಡಿಸಿ ಹೇಳಿದ ಮೇಲೆ, ತಮ್ಮ ಕಡೆಯವರೊಬ್ಬರು ಇವರ ಭಾಷೆಗೆ ಅಷ್ಟು ದಪ್ಪದ ನಿಘಂಟು ಮಾಡಿದ್ದಾರಾ ಅಂತ ಅಜ್ಜಿ ಮತ್ತೆ ಮತ್ತೆ ಕೇಳಿದರು. ಅಮ್ಮನೋ ತನ್ನ ಮನೆಯವರನ್ನೇ ಹೊಗಳಿದ ಹಾಗೆ ಕೂತಿದ್ದಳು.

ಜೂನ್ ಕೊನೆಯಲ್ಲಿ ಒಂದು ದಿನ ಅಜ್ಜಿ ನಾನಿರುವಾಗಲೇ ಅಮ್ಮನಿಗೆ ಕೇಳಿದರು, ಡೂ ಅಂದುಕೊಳ್ಳೋಣವಾ ಅಂತ. ತಮ್ಮ ಮೊದಲ ಹೆಸರು ಹೇಳಿ ಕೈ ಚಾಚಿದರು. ನನಗೆ ಆ ಹೆಸರು ಅವತ್ತಿನವರೆಗೂ ಗೊತ್ತಿರಲಿಲ್ಲ. ಬಾಗಿಲ ಗಂಟೆಯ ಪಕ್ಕದಲ್ಲಿ ಇರೋದು ಮನೆತನದ ಹೆಸರು ಮಾತ್ರ. ಇದರ ಅರ್ಥ ಏನು ಅಂತ ಅಮ್ಮನಿಗೆ ವಿವರಿಸಿದೆ. ಅಮ್ಮ ಪೇಚಿಗೆ ಸಿಕ್ಕಳು.

"ಅದೆಂಗೆ ಕಣೆ? ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಬರೀ ಹೆಸರು ಹಿಡಿದು, ನೀನು ಅಂತ ಕರೆಯೋದಾ?"

"ಅವರು ಕೊಡ್ತಿರೋದು ಅದೇನೇ ಅಮ್ಮ. ಬೇಡ ಅಂದ್ರೆ ಬೇಜಾರಾಗುತ್ತೆ."

ಅಮ್ಮ ಒಂದು ನಿಮಿಷ ಯೋಚನೆ ಮಾಡಿ ಅವರ ಕೈ ಹಿಡಿದುಕೊಂಡಳು. ಆಮೇಲೆ ಅವರ ಹೆಸರಿಗೆ "ಅಮ್ಮ" ಸೇರಿಸಿ ಕರೆದಳು. ಹಾಸನದ ನಮ್ಮ ಬೀದಿಯ ಯಾವುದೋ ಹಳೇ ಮನೆಯ ಹೆಂಗಸಿನ ಹೆಸರಿನ ಹಾಗೆ ಕೇಳಿಸಿತು. ಹಿಂದೆ ಸೇರಿದ್ದು ಏನು ಅಂತ ಅಜ್ಜಿ ಕೇಳಿದರು, ಹೇಳಿದೆ. ಅವರ ಇಬ್ಬರು ಮಕ್ಕಳಲ್ಲಿ ಒಬ್ಬರು ಹ್ಯಾಂಬರ್ಗ್‌ನಲ್ಲಿ, ಒಬ್ಬರು ಕೆನಡಾದಲ್ಲಿ. ಅವರು ಏನೂ ಹೇಳಲಿಲ್ಲ. ಅಮ್ಮನ ಕೈ ಮೇಲೆ ಇನ್ನೊಂದು ಕೈ ಇಟ್ಟರು.

ಜರ್ಮನಿಯಲ್ಲಿ ಎಲ್ಲ ಮೆಟ್ಟಿಲಲ್ಲೂ ಹೀಗಾಗುತ್ತೆ ಅಂತ ನಾನು ಮಾತು ಕೊಡಲಾರೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇಯರ್‌ಫೋನ್ ಹಾಕಿಕೊಂಡು ನಮಸ್ಕಾರಕ್ಕೂ ತಲೆ ಎತ್ತದವರು ಇದ್ದಾರೆ. ನನ್ನ ಮೇಲಿನ ಮಹಡಿಯವರ ಜೊತೆ ಐದು ವರ್ಷ ಆದರೂ ಗ್ರ್ಯೂಸ್ ಗಾಟ್ ದಾಟಿಲ್ಲ. ಇಲ್ಲಿ ಬಂದು ಒಂದೆರಡು ವರ್ಷ ಗೆಳೆಯರೇ ಆಗದೆ ಬೇಸತ್ತು ವಾಪಸ್ ಹೋದ ಹುಡುಗ ಹುಡುಗಿಯರೂ ಗೊತ್ತು. ಬಹಳ ಜನ ಬಂದ ಮೊದಲ ತಿಂಗಳಲ್ಲೇ, ಇವರು ಒಣ ಜನ, ಒಂದು ಮಾತು ಕೇಳಲ್ಲ ಅಂತ ತೀರ್ಮಾನ ಮಾಡ್ತಾರೆ. ನಮ್ಮ ಕಣ್ಣಿಗೆ ಹಾಗೇ ಕಾಣುತ್ತೆ. ರೈಲಿನಲ್ಲಿ ಅರ್ಧ ಗಂಟೆಯೊಳಗೆ ಯಾವೂರು, ಎಷ್ಟು ಮಕ್ಕಳು, ಸಂಬಳ ಎಷ್ಟು, ಮದುವೆ ಯಾವಾಗ ಅಂತ ಎಲ್ಲ ತಿಳಿದುಕೊಳ್ಳುವ ಊರಿನಿಂದ ಬಂದವರು ನಾವು. ಇಲ್ಲಿ ಮೊದಲ ಮಾತಿಗೆ ಹವಾಮಾನ ಆಗುತ್ತೆ, ರಜೆಗೆ ಎಲ್ಲಿ ಹೋಗ್ತೀರಿ ಅನ್ನೋದು ಆಗುತ್ತೆ, ವಾರಾಂತ್ಯ ಹೇಗಿತ್ತು ಆಗುತ್ತೆ, ಈ ಊರಿಗೆ ಬಂದು ಎಷ್ಟು ದಿನ ಆಯ್ತು ಅನ್ನೋದೂ ಆಗುತ್ತೆ. ಸಂಬಳ, ವಯಸ್ಸು, ಮದುವೆ, ಧರ್ಮ ಆಗಲ್ಲ. ಅವನ್ನೆಲ್ಲ ಕೇಳದೆ ಇದ್ದರೆ ಆಸಕ್ತಿ ಇಲ್ಲ ಅಂತಲ್ಲ, ಕಾಯ್ತಿದ್ದಾರೆ ಅಂತ.

ಹಾಗಾಗಿ ಹೊರಟಿರುವ ತಮ್ಮಂದಿರಿಗೆ, ತಂಗಿಯರಿಗೆ ನಾನು ಹೇಳೋದು ಇಷ್ಟು. ಮನೆಗೆ ಹೋದ ಮೊದಲ ವಾರವೇ ಅಕ್ಕಪಕ್ಕದ ಬಾಗಿಲು ತಟ್ಟಿ ಹೆಸರು ಹೇಳಿ ಬನ್ನಿ, ಹೊಸದಾಗಿ ಬಂದವರೇ ಹೋಗಿ ಪರಿಚಯ ಹೇಳಿಕೊಂಡರೆ ಅವರಿಗೆ ಇಷ್ಟವಾಗುತ್ತೆ. ಕಣ್ಣು ನೋಡಿ ನಮಸ್ಕಾರ ಹೇಳಿ, ಗೊಣಗಬೇಡಿ. ಅವರ ಮನೆತನದ ಹೆಸರು ನೆನಪಿಟ್ಟುಕೊಂಡು ಸೇರಿಸಿ ಹೇಳಿದರೆ ಇನ್ನೂ ಒಳ್ಳೆಯದು. ಅವರು ಇಂಗ್ಲಿಷಿಗೆ ತಿರುಗಿದರೂ ನೀವು ನಾಲ್ಕು ಪದ ಜರ್ಮನ್ನಿನಲ್ಲೇ ಮುಗಿಸಿ. ಪ್ರತಿ ದಿನ ಹೇಳಿ, ವಾಪಸ್ ಬರದಿದ್ದರೂ ಹೇಳಿ. ಮತ್ತೆ "ವೀ ಗೇಟ್ ಎಸ್ ಈನನ್" ಅನ್ನುವುದನ್ನು ಸುಮ್ಮನೆ ಬಳಸಬೇಡಿ. ಕೈಯಲ್ಲಿ ಹತ್ತು ನಿಮಿಷ ಇದ್ದಾಗ, ನಿಜವಾಗಿ ಗೊತ್ತಾಗಬೇಕು ಅನ್ನಿಸಿದಾಗ ಕೇಳಿ. ನಿಮ್ಮನ್ನು ಯಾರಾದರೂ ಹಾಗೆ ನಿಂತು ಕೇಳಿದರೆ, ಪುಸ್ತಕದ ಉತ್ತರವನ್ನೇ ಕೊಡಬೇಕು ಅಂತೇನಿಲ್ಲ.

ಅಮ್ಮ ಟಿಕೆಟ್ ಮುಂಚೆ ಮಾಡಿಸಲಿಲ್ಲ. ಮೂರು ತಿಂಗಳು ಪೂರ್ತಿ ಇದ್ದು ಹೋದಳು. ಈಗ ನಾನು ಮೆಟ್ಟಿಲಲ್ಲಿ ಸಿಕ್ಕರೆ ಅಜ್ಜಿ ಮೊದಲು ಗ್ರ್ಯೂಸ್ ಗಾಟ್ ಹೇಳಿ, ಆಮೇಲೆ ಅಮ್ಮ ಹೇಗಿದ್ದಾಳೆ ಅಂತ ಕೇಳ್ತಾರೆ. ಚೆನ್ನಾಗಿದ್ದಾಳೆ ಅಂದರೆ ಅವರಿಗೆ ಸಾಲದು. ಮಂಡಿ ನೋವು ಹೇಗಿದೆ, ಸಂಜೆ ಹೊತ್ತು ಒಬ್ಬಳೇ ಏನು ಮಾಡ್ತಾಳೆ, ರಾತ್ರಿ ನಿದ್ದೆ ಬರುತ್ತಾ, ಎಲ್ಲ ಬೇಕು. ಹಾಗಾಗಿ ನಾನು ಅಮ್ಮನಿಗೆ ಫೋನ್ ಮಾಡಿದಾಗ ಅದನ್ನೆಲ್ಲ ಕೇಳಿಟ್ಟುಕೊಂಡಿರಬೇಕು. ಮೊದಲು "ಊಟ ಆಯ್ತಾ?" ಅಂತೀನಿ. ಸಾರು ಏನು, ಪಲ್ಯ ಏನು ಅಂತ ಅದು ಮುಗಿಯುತ್ತೆ. ಆಮೇಲೆ "ಹೇಗಿದ್ದೀಯಮ್ಮ?" ಅಂತ ಕೇಳಿ ಸುಮ್ಮನಾಗ್ತೀನಿ. ಆ ಕಡೆಯಿಂದ ಉತ್ತರ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಕೆಲವು ದಿನ "ಚೆನ್ನಾಗಿದೀನಿ" ಅಂತಲೇ ಬರುತ್ತೆ. ಕೆಲವು ದಿನ ಅಮ್ಮ ನಕ್ಕು, ಜರ್ಮನ್ನಿನಲ್ಲಿ, "ನಿಷ್ಟ್ ಜೋ ಗೂಟ್" ಅಂತಾಳೆ. ಆಗ ನಾನು ಲ್ಯಾಪ್‌ಟಾಪ್ ಮುಚ್ಚಿ ಕೂತುಕೊಳ್ತೀನಿ.